ಆನೆ ಯಾರದು, ಹಣ ಯಾರಿಗೆ: ನಾಮಿಬಿಯಾದ ಬೇಟೆ ಕಂಪನಿಗಳೂ ಅಲ್ಲಿಯ ಊರುಗಳೂ

ಪ್ರಶ್ನೆ: ನಮ್ಮದು ಬಂಡೀಪುರದ ಕಾಡಂಚಿನ ಊರು. ರಾಗಿ, ಜೋಳ ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಆನೆ, ಹಂದಿ ನುಗ್ಗುತ್ತವೆ. ಆಫ್ರಿಕಾದ ನಾಮಿಬಿಯಾದಲ್ಲಿ ವಿದೇಶಿ ಶಿಕಾರಿಗಳನ್ನು ಕರೆತರುವ ಬೇಟೆ ಕಂಪನಿಗಳು ಹಳ್ಳಿಯವರಿಗೆ ಹಣ, ಮಾಂಸ, ಕೆಲಸ ಕೊಡುತ್ತವೆ, ಹಾಗಾಗಿ ಅಲ್ಲಿಯ ಜನ ತಾವೇ ಕಾಡುಪ್ರಾಣಿ ಕಾಯುತ್ತಾರೆ ಎಂದು ನಮ್ಮ ಪರಿಸರ ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಬ್ಬರು ಹೇಳಿದರು. ಇದು ನಿಜವೇ? ಕರಾರು ಹೇಗಿರುತ್ತದೆ, ಹಣ ಹೇಗೆ ಹಂಚುತ್ತಾರೆ, ಜಗಳ ಎಲ್ಲಿ ಬರುತ್ತದೆ? ನಮಗೆ ಇದರಲ್ಲಿ ಕಲಿಯುವಂಥದ್ದು ಏನಾದರೂ ಇದೆಯೇ?

ಉತ್ತರ: ನಿಜ. ಆದರೆ ‘ಕಂಪನಿಗಳು ಕೊಡುತ್ತವೆ’ ಎಂಬ ಮಾತನ್ನು ಸ್ವಲ್ಪ ತಿದ್ದಬೇಕು. ವ್ಯವಹಾರ ನೆಟ್ಟಗಿರುವ ಊರುಗಳಲ್ಲಿ ಊರು ಮಾರುತ್ತದೆ, ಕಂಪನಿ ಕೊಳ್ಳುತ್ತದೆ. ಕೆಟ್ಟಿರುವ ಊರುಗಳಲ್ಲಿ ಕಂಪನಿ ಕೊಡುತ್ತದೆ, ಊರು ಕೈಯೊಡ್ಡುತ್ತದೆ. ಅದೇ ಹಣ, ಅದೇ ಮಾಂಸ, ಅದೇ ಕೆಲಸ. ಆದರೂ ಒಂದು ಕಡೆ ವರ್ಷಗಟ್ಟಲೆ ಸುಸೂತ್ರವಾಗಿ ನಡೆಯುತ್ತದೆ, ಇನ್ನೊಂದು ಕಡೆ ಎರಡನೇ ವರ್ಷಕ್ಕೇ ಕಾಡಿನಲ್ಲಿ ಉರುಳುಗಳು ಕಾಣಿಸಿಕೊಳ್ಳುತ್ತವೆ. ಪ್ರಾಣಿಯ ಮೇಲಿನ ಹಕ್ಕು ಯಾರ ಹೆಸರಿನಲ್ಲಿದೆ, ಲೆಕ್ಕದ ಪುಸ್ತಕ ಯಾರ ಕಣ್ಣಿಗೆ ಬೀಳುತ್ತದೆ ಎಂಬ ಎರಡು ಸಂಗತಿಗಳ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ಹಕ್ಕಿನಿಂದಲೇ ಶುರು ಮಾಡುತ್ತೇನೆ.

ನಾಮಿಬಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡದು, ಜನಸಂಖ್ಯೆ ಮಾತ್ರ 30 ಲಕ್ಷದ ಆಸುಪಾಸು. ದಕ್ಷಿಣ ಆಫ್ರಿಕಾದ ಆಳ್ವಿಕೆಯ ಕಾಲದಲ್ಲಿ, 1975ರ ವನ್ಯಜೀವಿ ಶಾಸನದ ಪ್ರಕಾರ, ಸ್ವಂತ ಜಮೀನಿನ ಒಡೆಯರಿಗೆ ತಮ್ಮ ನೆಲದಲ್ಲಿ ಮೇಯುವ ಕಾಡುಪ್ರಾಣಿಗಳ ಮೇಲೆ ಹಕ್ಕಿತ್ತು. ಒಡೆಯರೆಂದರೆ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಅವರು ಶಿಕಾರಿ ಮಾರಿ ದುಡಿದರು. ಕಪ್ಪು ಜನ ಒಟ್ಟಾಗಿ ಬಾಳುತ್ತಿದ್ದ ಸಾಮುದಾಯಿಕ ನೆಲದಲ್ಲಿ ಮಾತ್ರ ಪ್ರಾಣಿ ಸರ್ಕಾರದ್ದು. ಅಲ್ಲಿ ಆನೆ ಹೊಲ ತುಳಿದರೂ ಸುಮ್ಮನಿರಬೇಕು, ಹಸಿವಿಗೆ ಒಂದು ಜಿಂಕೆ ಹೊಡೆದರೆ ಜೈಲು. 1990ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ, 1996ರ ತಿದ್ದುಪಡಿ ಕಾಯ್ದೆ ಈ ಭೇದವನ್ನು ತೆಗೆಯಿತು. ಸಾಮುದಾಯಿಕ ನೆಲದ ಜನ ಒಟ್ಟುಗೂಡಿ ‘ಕನ್ಸರ್ವೆನ್ಸಿ’ (ತಮ್ಮ ಗಡಿಯೊಳಗಿನ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಊರವರ ಸಂಘ) ನೋಂದಾಯಿಸಿದರೆ ಅವರಿಗೂ ಅಂಥ ಹಕ್ಕು ಸಿಗುತ್ತದೆ. 1998ರಲ್ಲಿ ಮೊದಲ ನಾಲ್ಕು ನೋಂದಣಿಯಾದವು. ಈಗ 86 ಇವೆ, ದೇಶದ ಸುಮಾರು ಐದನೇ ಒಂದು ಭಾಗ ಅವುಗಳ ಗಡಿಯೊಳಗಿದೆ.

ನೋಂದಣಿಗೆ ಬೇಕಾದವು ಐದು: ನೆರೆಯ ಊರುಗಳು ಒಪ್ಪಿದ ಗಡಿ, ಸದಸ್ಯರ ಹೆಸರಿನ ಪಟ್ಟಿ, ಬರಹದ ನಿಯಮಾವಳಿ, ಊರನ್ನು ಪ್ರತಿನಿಧಿಸುವ ಸಮಿತಿ, ಬಂದ ಲಾಭವನ್ನು ಹೇಗೆ ಹಂಚುತ್ತೇವೆ ಎಂಬ ಯೋಜನೆ. ಓದಲು ಸುಲಭ. ಮಾಡುವಾಗ ಗಡಿಯ ಒಪ್ಪಿಗೆಯೊಂದಕ್ಕೇ ವರ್ಷಗಳು ಹಿಡಿದ ಉದಾಹರಣೆಗಳಿವೆ. ನೋಂದಣಿಯಾದ ಮೇಲೂ ನೆಲ ಊರಿನ ಸ್ವಂತದ್ದಾಗುವುದಿಲ್ಲ, ಅದು ಸರ್ಕಾರದ ಹೆಸರಿನಲ್ಲೇ ಉಳಿಯುತ್ತದೆ. ಪ್ರಾಣಿಯನ್ನು ಬಳಸಿ ಬಂದ ಹಣ ಮಾತ್ರ ಪೂರ್ತಿ ಕನ್ಸರ್ವೆನ್ಸಿಯದು. ಅದು ಖಜಾನೆಯ ಮೂಲಕ ಸುತ್ತಿ ಬರುವುದಿಲ್ಲ, ಕಂಪನಿಯಿಂದ ನೇರ ಕನ್ಸರ್ವೆನ್ಸಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಜಿಂಬಾಬ್ವೆಯ ಮಾತು ಬಂದಾಗ ಬೇಕಾಗುತ್ತದೆ.

ನಿಮ್ಮ ಸಭೆಯಲ್ಲಿ ಹೇಳಿದಂತೆ ‘ಹಣ ಬಂತು, ಆದ್ದರಿಂದ ಕಾಯತೊಡಗಿದರು’ ಎಂಬುದು ಅಲ್ಲಿಯ ಕ್ರಮವಲ್ಲ. ವಾಯವ್ಯದ ಕುನೇನೆ ಪ್ರದೇಶದಲ್ಲಿ 1980ರ ದಶಕದ ಬರ ಮತ್ತು ಕಳ್ಳಬೇಟೆಯಲ್ಲಿ ಪ್ರಾಣಿಗಳು ನೆಲಕಚ್ಚಿದಾಗ, ಗಾರ್ತ್ ಓವನ್-ಸ್ಮಿತ್ ಎಂಬ ಸಂರಕ್ಷಕ ಅಲ್ಲಿಯ ಊರ ಮುಖಂಡರ ಜೊತೆ ಕೂತು ಮಾತಾಡಿದ. ಜೋಶುವಾ ಕಂಗೊಂಬೆಯಂಥ ಮುಖಂಡರು ತಮ್ಮ ಜನರನ್ನೇ ಕಾವಲಿಗೆ ನೇಮಿಸಿದರು. ಕಾವಲುಗಾರ ವರದಿ ಕೊಡುತ್ತಿದ್ದದ್ದು ಮುಖಂಡನಿಗೆ. ಬೇಟೆಯ ಆದಾಯ ಬಂದದ್ದು ಅದಾಗಿ ಹತ್ತು ಹದಿನೈದು ವರ್ಷಕ್ಕೆ. ಮೊದಲು ಬಂದದ್ದು ‘ಇದು ನಮ್ಮದು’ ಎಂಬ ಭಾವ, ಹಣ ಅದನ್ನು ಗಟ್ಟಿ ಮಾಡಿತು.

ಇನ್ನು ವ್ಯವಹಾರಕ್ಕೆ ಬರೋಣ. ಮಾರಲು ಏನಿದೆ ಎಂದು ಗೊತ್ತಾಗದೆ ಮಾರುವ ಹಾಗಿಲ್ಲ. ಕುನೇನೆಯ ಬಯಲಿನಲ್ಲಿ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಗೊತ್ತುಪಡಿಸಿದ ದಾರಿಗಳಲ್ಲಿ ಜೀಪಿನಲ್ಲಿ ಹೋಗಿ ಎಣಿಸುತ್ತಾರೆ. ಈಶಾನ್ಯದ ಜಾಂಬೇಜಿ ಪ್ರದೇಶದಲ್ಲಿ ಪೊದೆ ದಟ್ಟ, ಜೀಪಿನಿಂದ ಏನೂ ಕಾಣದು. ಅಲ್ಲಿ ಕಾಲ್ನಡಿಗೆಯ ಎಣಿಕೆ. ಇದರ ಜೊತೆಗೆ ವರ್ಷವಿಡೀ ನಡೆಯುವ ದಾಖಲೆ ಒಂದಿದೆ, ಅದನ್ನು ‘ಈವೆಂಟ್ ಬುಕ್’ ಎನ್ನುತ್ತಾರೆ. ಕಾವಲುಗಾರನ ಚೀಲದಲ್ಲಿ ಹಳದಿ ಹಾಳೆಗಳ ಪುಸ್ತಕ: ಕಳ್ಳಬೇಟೆಗೆ ಒಂದು, ಬೆಳೆ ಮತ್ತು ದನಕರು ನಷ್ಟಕ್ಕೆ ಒಂದು, ಸತ್ತ ಪ್ರಾಣಿಗಳಿಗೆ ಒಂದು, ಅಪರೂಪದ ಪ್ರಾಣಿ ಕಂಡರೆ ಇನ್ನೊಂದು. ಘಟನೆ ನಡೆದ ದಿನವೇ ಬರೆಯುತ್ತಾನೆ. ತಿಂಗಳ ಕೊನೆಗೆ ಎಲ್ಲ ಕಾವಲುಗಾರರೂ ಕಚೇರಿಯಲ್ಲಿ ಸೇರಿ ನೀಲಿ ಪಟ್ಟಿಯಲ್ಲಿ ಒಂದೊಂದು ಘಟನೆಗೆ ಒಂದೊಂದು ಚೌಕ ತುಂಬುತ್ತಾರೆ. ವರ್ಷದ ಕೊನೆಗೆ ಅದು ಕೆಂಪು ಪಟ್ಟಿಗೆ ಏರುತ್ತದೆ. ಕೆಂಪು ಪಟ್ಟಿಯಲ್ಲಿ ಹಲವು ವರ್ಷಗಳ ಕಂಬಗಳು ಅಕ್ಕಪಕ್ಕ ನಿಲ್ಲುವುದರಿಂದ ಓದುಬರಹ ಬಾರದ ಅಜ್ಜಿಗೂ ಆನೆ ಕಾಟ ಏರಿದೆಯೋ ಇಳಿದಿದೆಯೋ ತಿಳಿಯುತ್ತದೆ. ಪೆನ್ನು, ಕಾಗದ ಬಿಟ್ಟರೆ ಬೇರೇನೂ ಬೇಡ. ನನ್ನ ಮಟ್ಟಿಗೆ ನಾಮಿಬಿಯಾದಿಂದ ಬೇರೆ ದೇಶದವರು ಎತ್ತಿಕೊಳ್ಳಬಹುದಾದ ಅತಿ ಒಳ್ಳೆಯ ವಸ್ತು ಇದು, ಬೇಟೆ ಅಲ್ಲ.

ಈ ದಾಖಲೆಗಳನ್ನು ಮುಂದಿಟ್ಟುಕೊಂಡು ಕನ್ಸರ್ವೆನ್ಸಿ, ಪರಿಸರ ಸಚಿವಾಲಯ, ನೆರವಿನ ಸಂಸ್ಥೆಗಳು ಕೂತು ಕೋಟಾ, ಅಂದರೆ ಯಾವ ಪ್ರಾಣಿಯನ್ನು ಎಷ್ಟು ಹೊಡೆಯಬಹುದು ಎಂಬ ಮಿತಿ, ನಿಗದಿ ಮಾಡುತ್ತವೆ. ಅಂತಿಮ ಸಹಿ ಸಚಿವಾಲಯದ್ದು. ಇಲ್ಲಿ ಒಂದೇ ಎಣಿಕೆಯನ್ನು ನಂಬಿದರೆ ಮುಗಿಯಿತು. ಜೀಪಿನ ಎಣಿಕೆ ಒಂದು ವರ್ಷದ ಮಳೆಗೆ ಅರ್ಧಕ್ಕೆ ಇಳಿಯಬಹುದು, ಆದರೆ ಪ್ರಾಣಿಗಳು ಸತ್ತಿಲ್ಲ, ಹುಲ್ಲು ಹುಡುಕಿಕೊಂಡು ಬೇರೆಡೆ ಹೋಗಿವೆ. ಆದ್ದರಿಂದ ಎಣಿಕೆ, ಕಾವಲುಗಾರರು ಕಂಡದ್ದು, ಕಳ್ಳಬೇಟೆಯ ಪ್ರಮಾಣ, ಹಿಂದಿನ ವರ್ಷ ಹೊಡೆದ ಪ್ರಾಣಿಗಳ ಕೊಂಬು-ದಂತದ ಅಳತೆ, ಒಂದು ಪ್ರಾಣಿ ಸಿಗಲು ಹಿಡಿದ ದಿನಗಳು, ಇವನ್ನೆಲ್ಲ ಒಟ್ಟಿಗೆ ನೋಡಬೇಕು. ದಂತದ ತೂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಮೂರು ದಿನದಲ್ಲಿ ಸಿಗುತ್ತಿದ್ದ ಗಂಡು ಈಗ ಒಂಬತ್ತು ದಿನವಾದರೂ ಸಿಗದಿದ್ದರೆ, ಎಣಿಕೆ ಏನೇ ಹೇಳಲಿ, ಮುದಿ ಗಂಡುಗಳು ಖಾಲಿಯಾಗುತ್ತಿವೆ ಎಂದೇ ಅರ್ಥ. ಆನೆಯ ಟ್ರೋಫಿ ಬೇಟೆಗೆ (ದಂತ, ಚರ್ಮವನ್ನು ಶಿಕಾರಿ ಒಯ್ಯುವ ಬೇಟೆ) ಸಾಮಾನ್ಯವಾಗಿ ಒಪ್ಪುವ ಮಿತಿ ಸಾವಿರಕ್ಕೆ ಐದರಿಂದ ಏಳು, ಅದೂ ವಯಸ್ಸಾದ ಗಂಡುಗಳು. ಇಡೀ ನಾಮಿಬಿಯಾ ದೇಶಕ್ಕೆ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದಡಿ ಇರುವ ದಂತ ರಫ್ತಿನ ಕೋಟಾ ವರ್ಷಕ್ಕೆ 90 ಆನೆಗಳದ್ದು.

ಈಗ ಕರಾರು. ಕನ್ಸರ್ವೆನ್ಸಿ ಟೆಂಡರ್ ಕರೆಯುತ್ತದೆ. ಕಂಪನಿಗಳು ದರದ ಜೊತೆಗೆ ಎಷ್ಟು ಜನರಿಗೆ ಕೆಲಸ, ಯಾವ ತರಬೇತಿ, ಮಾಂಸ ಹೇಗೆ ತಲುಪಿಸುತ್ತೇವೆ ಎಂದೂ ಬರೆದು ಕೊಡುತ್ತವೆ. ಆನೆ, ಸಿಂಹ, ಕಾಡೆಮ್ಮೆಯಂಥ ಅಪಾಯದ ಪ್ರಾಣಿಗಳಾದರೆ ಕಂಪನಿಯ ವೃತ್ತಿಪರ ಬೇಟೆಗಾರನ ಬಳಿ ಅದಕ್ಕೆಂದೇ ಇರುವ ದೊಡ್ಡ ದರ್ಜೆಯ ಪರವಾನಗಿ ಇರಬೇಕು. ಅವಧಿ ಮೂರರಿಂದ ಐದು ವರ್ಷ ಇದ್ದರೆ ಒಳ್ಳೆಯದು. ಒಂದೇ ವರ್ಷಕ್ಕೆ ಕೊಟ್ಟರೆ ಕಂಪನಿಯವನು ಗೇಣಿ ಹೊಲದವನ ಹಾಗೆ ವರ್ತಿಸುತ್ತಾನೆ: ಈ ವರ್ಷ ಹಿಂಡಿಕೊಳ್ಳೋಣ, ಮುಂದಿನ ವರ್ಷ ಯಾರ ಪಾಲೋ. ನೀರಿನ ಗುಂಡಿ ತೋಡುವುದಿಲ್ಲ, ಎಳೆಯ ಗಂಡನ್ನು ಬಿಡುವುದಿಲ್ಲ. ಹತ್ತು ವರ್ಷಕ್ಕೆ ಕೊಟ್ಟರೆ ಅವನು ಊರಿಗೇ ಯಜಮಾನನಾಗುತ್ತಾನೆ.

ಕರಾರಿನ ಜೀವ ಇರುವುದು ಕೋಟಾದ ಪ್ರಾಣಿಗಳನ್ನು ಎರಡು ಭಾಗ ಮಾಡುವುದರಲ್ಲಿ. ಮೊದಲನೆಯದು ಖಾತರಿ ಪಾಲು. ಶಿಕಾರಿ ಬರಲಿ ಬಿಡಲಿ, ಗುಂಡು ತಾಗಲಿ ತಪ್ಪಲಿ, ಆ ಪ್ರಾಣಿಗಳ ಹಣವನ್ನು ಕಂಪನಿ ಕಟ್ಟಲೇಬೇಕು. ಎರಡನೆಯದು ಐಚ್ಛಿಕ ಪಾಲು. ಹೊಡೆದರೆ ಮಾತ್ರ ಹಣ. ಕಾವಲುಗಾರರ ವರ್ಷದ ಸಂಬಳ, ಜೀಪಿನ ಡೀಸೆಲ್, ಕಚೇರಿ ಖರ್ಚು ಇವಿಷ್ಟೂ ಖಾತರಿ ಪಾಲಿನೊಳಗೆ ತುಂಬಬೇಕು. ಆಸೆಬುರುಕ ಸಮಿತಿಗಳು ಒಂದೊಂದು ಪ್ರಾಣಿಯ ದರವನ್ನು ಏರಿಸಿಕೊಳ್ಳಲು ಹೋಗಿ ಖಾತರಿಯನ್ನು ಕಡಿಮೆ ಮಾಡಿಕೊಳ್ಳುತ್ತವೆ. ಕಾಗದದ ಮೇಲೆ ಮೊತ್ತ ದೊಡ್ಡದಾಗಿ ಕಾಣುತ್ತದೆ. 2020ರ ಕೋವಿಡ್ ವರ್ಷದಲ್ಲಿ ವಿದೇಶಿಯರು ಬಾರದೆ ಹೋದಾಗ ಇಂಥ ಲೆಕ್ಕಾಚಾರಗಳ ಬಣ್ಣ ಬಯಲಾಯಿತು. ಕಾವಲುಗಾರರ ಸಂಬಳಕ್ಕೆ ತುರ್ತು ಪರಿಹಾರ ನಿಧಿಯನ್ನೇ ಕಟ್ಟಬೇಕಾಯಿತು.

ಹಣ ಯಾವ ನಾಣ್ಯದಲ್ಲಿ ಎಂಬುದೂ ಸಣ್ಣ ಮಾತಲ್ಲ. ನಾಮಿಬಿಯಾ ಡಾಲರ್ ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೆ ಸರಿಸಮವಾಗಿ ಕಟ್ಟಿಕೊಂಡಿದೆ. ಶಿಕಾರಿ ಮಾತ್ರ ಅಮೆರಿಕದ ಡಾಲರ್‌ನಲ್ಲೋ ಯೂರೋದಲ್ಲೋ ಕೊಡುತ್ತಾನೆ. 2014ರಲ್ಲಿ ಒಂದು ಅಮೆರಿಕನ್ ಡಾಲರ್‌ಗೆ ಸುಮಾರು 11 ಇದ್ದದ್ದು 2023ಕ್ಕೆ 18 ದಾಟಿತು. ಲೆಕ್ಕಕ್ಕೆಂದು ಹತ್ತು ಸಾವಿರ ಡಾಲರ್‌ನ ಒಂದು ಪ್ರಾಣಿ ಇಟ್ಟುಕೊಳ್ಳಿ. ದರವನ್ನು ಸ್ಥಳೀಯ ನಾಣ್ಯದಲ್ಲಿ ಹಳೆಯ ಮಟ್ಟಕ್ಕೇ ಬರೆಸಿಕೊಂಡ ಊರಿಗೆ 1,10,000 ಸಿಗುತ್ತದೆ. ಕಂಪನಿಯ ಕೈಗೆ 1,80,000 ಬಂದಿರುತ್ತದೆ. ವ್ಯತ್ಯಾಸದ 70,000 ಯಾರೂ ಕದ್ದದ್ದಲ್ಲ, ಒಂದು ಸಾಲು ಬರೆಯದೆ ಬಿಟ್ಟದ್ದಕ್ಕೆ ಹೋದದ್ದು.

ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಹೊಡೆದ ಲೆಕ್ಕಕ್ಕೇ ಸೇರಬೇಕು, ಹಣವನ್ನೂ ಕಟ್ಟಬೇಕು. ಈ ಷರತ್ತು ಇಲ್ಲದಿದ್ದರೆ ಒಂದರ ಬದಲು ಎರಡು ಸಾಯುತ್ತವೆ, ಕೋಟಾದಲ್ಲಿ ಒಂದೇ ಕಾಣುತ್ತದೆ. ಪ್ರತಿ ಬೇಟೆಗೂ ಊರಿನ ಕಾವಲುಗಾರ ಜೊತೆಗಿರಬೇಕು ಎನ್ನುವುದು ಇದಕ್ಕಾಗಿಯೇ. ರಕ್ತದ ಜಾಡು ಎಷ್ಟು ದೂರ ಹೋಯಿತು, ಹುಡುಕುವುದನ್ನು ಎಷ್ಟು ಹೊತ್ತಿಗೆ ಕೈಬಿಟ್ಟರು ಎಂದು ಬರೆಯುವವನು ಅವನು. ಅವನ ದಿನಗೂಲಿಯನ್ನು ಕನ್ಸರ್ವೆನ್ಸಿ ಕೊಡಬೇಕು. ಕಂಪನಿ ಕೊಟ್ಟರೆ, ಜೊತೆಗೆ ಶಿಕಾರಿಯ ಭಕ್ಷೀಸೂ ಸೇರಿದರೆ, ಬರೆಯುವ ಕೈ ನಡುಗುತ್ತದೆ.

ಕೋಟಾ ಕಡಿತದ ಷರತ್ತನ್ನು ಹೆಚ್ಚಿನವರು ಮರೆಯುತ್ತಾರೆ. ಕುನೇನೆಯಲ್ಲಿ 2010ರ ದಶಕದ ಬರ ವರ್ಷಗಳ ಮೇಲೆ ವರ್ಷ ಎಳೆದು ಓರಿಕ್ಸ್, ಸ್ಪ್ರಿಂಗ್‌ಬಕ್ ಎಂಬ ಹುಲ್ಲೆಗಳ, ಜೀಬ್ರಾಗಳ ಸಂಖ್ಯೆ ಕುಸಿಯಿತು, ಕೋಟಾ ಇಳಿಯಿತು. ನಡುವರ್ಷದಲ್ಲಿ ಕೋಟಾ ಇಳಿದರೆ ಖಾತರಿ ಹಣವೂ ಇಳಿಯುವುದೇ, ಅಷ್ಟೇ ಪ್ರಮಾಣದಲ್ಲೇ, ಮುಂಗಡ ಕೊಟ್ಟದ್ದನ್ನು ಮರಳಿಸಬೇಕೇ? ಕರಾರಿನಲ್ಲಿ ಉತ್ತರ ಇಲ್ಲದಿದ್ದರೆ ಸಮಿತಿ ‘ಕೋಟಾ ಇಳಿಸಬೇಡಿ’ ಎಂದು ಸಚಿವಾಲಯದ ಮುಂದೆ ಹಟ ಹಿಡಿಯುತ್ತದೆ. ಕಾಯಬೇಕಾದವರೇ ಪ್ರಾಣಿಯ ವಿರುದ್ಧ ವಾದಿಸುವ ಸ್ಥಿತಿ ಅದು.

ಬೇಟೆಯ ಋತು ಫೆಬ್ರವರಿಯಿಂದ ನವೆಂಬರ್ ಕೊನೆಯವರೆಗೆ. ಟ್ರೋಫಿ ಎಂದರೆ ತಲೆ, ಕೊಂಬು, ಚರ್ಮ, ದಂತ, ಅದು ಶಿಕಾರಿಯದು. ಮಾಂಸ ಊರಿನದು, ಶಿಬಿರದ ಅಡುಗೆಗೆ ಬೇಕಾದಷ್ಟನ್ನು ಬಿಟ್ಟು. ಊರಿನ ಜನ ಕಂಪನಿಯನ್ನು ಅಳೆಯುವುದು ಬ್ಯಾಂಕ್ ಖಾತೆಯಿಂದಲ್ಲ, ಈ ಮಾಂಸದಿಂದ. ಆದ್ದರಿಂದ ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ.

ಸುರುಳಿ ಕೊಂಬಿನ ಕುಡು ಎಂಬ ದೊಡ್ಡ ಹುಲ್ಲೆ ಇದೆ. ಬೆಳೆದ ಗಂಡು ಸುಮಾರು 250 ಕೆಜಿ. ತಲೆ, ಚರ್ಮ, ಕರುಳು ತೆಗೆದರೆ 130–140 ಕೆಜಿ ಉಳಿಯುತ್ತದೆ. ಅಕ್ಟೋಬರ್ ಬಿಸಿಲು 40 ಡಿಗ್ರಿ ಮುಟ್ಟುವ ನಾಡಿನಲ್ಲಿ ಗುಂಡು ಬಿದ್ದ ಅರ್ಧ ಗಂಟೆಯೊಳಗೆ ಹೊಟ್ಟೆ ಸೀಳಿ ಕರುಳು ತೆಗೆಯದಿದ್ದರೆ ತೊಡೆಯ ಮೂಳೆಯ ಸುತ್ತಲಿನ ಮಾಂಸ ಒಳಗಿನಿಂದಲೇ ಕೆಡತೊಡಗುತ್ತದೆ. ಹೊಟ್ಟೆಗೆ ಗುಂಡು ತಾಗಿದ್ದರೆ ಇನ್ನೂ ಬೇಗ. ಕರುಳು ತೆಗೆದು, ನೆರಳಿಗೆ ಎಳೆದು, ಎದೆಗೂಡಿಗೆ ಕೋಲು ಅಡ್ಡ ಕೊಟ್ಟು ಗಾಳಿ ಆಡಲು ಬಿಡಬೇಕು. ಪಿತ್ತಕೋಶ, ಮೂತ್ರಕೋಶ ಒಡೆಯಬಾರದು. ಜೀಪು ಸೂರ್ಯ ಮುಳುಗುವ ಮೊದಲು ಊರು ಮುಟ್ಟಬೇಕು, ಏಕೆಂದರೆ ಕತ್ತಲಲ್ಲಿ ಹಂಚಿದ ಮಾಂಸಕ್ಕೆ ಸಾಕ್ಷಿ ಇಲ್ಲ. ಊರಲ್ಲಿ ಮರದ ಕೊಂಬೆಗೆ ಕೊಕ್ಕೆ ತಕ್ಕಡಿ ನೇತುಹಾಕಿ ತೊಡೆ, ಭುಜ, ಪಕ್ಕೆ ಒಂದೊಂದಾಗಿ ತೂಗುತ್ತಾರೆ. ಈ ಸಲ ಯಾವ ಹಾಡಿಯ ಸರದಿ ಎಂಬ ಪಟ್ಟಿ ಮೊದಲೇ ಇರುತ್ತದೆ. ಮನೆಯ ಹೆಸರು, ಕಿಲೋ, ಹೆಬ್ಬೆಟ್ಟು. ಪಾರಂಪರಿಕ ಮುಖಂಡನಿಗೆ ಮರ್ಯಾದೆಯ ಪಾಲು ಬೇರೆ. ಅದು ಯಾವ ಭಾಗ, ಎಷ್ಟು ಎಂಬುದೂ ಬರೆದಿರಬೇಕು, ಇಲ್ಲವಾದರೆ ವರ್ಷದಿಂದ ವರ್ಷಕ್ಕೆ ಆ ಪಾಲು ಬೆಳೆಯುತ್ತದೆ. ನಮ್ಮ ಮಲೆನಾಡಿನಲ್ಲಿ ಹಿಂದೆ ಹಂದಿ ಶಿಕಾರಿ ನಡೆಯುತ್ತಿದ್ದ ಕಾಲದಲ್ಲಿ ಗುಂಡು ಹೊಡೆದವನಿಗೆ, ನಾಯಿ ತಂದವನಿಗೆ, ಸೋವು ಹೊಡೆದವನಿಗೆ ಬೇರೆ ಬೇರೆ ಪಾಲು ಇತ್ತೆಂದು ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಅದೇ ಸಂಗತಿ, ಇಲ್ಲಿ ಕಾಗದಕ್ಕೆ ಇಳಿದಿದೆ.

ಆನೆಯಾದರೆ ಕಥೆ ಬೇರೆ. ದೊಡ್ಡ ಗಂಡಿನ ತೂಕವೇ ಐದಾರು ಟನ್. ಅದನ್ನು ಊರಿಗೆ ತರಲಾಗದು, ಊರೇ ಅದರ ಬಳಿ ಹೋಗಬೇಕು. ನೂರಾರು ಜನ ಚೂರಿ ಹಿಡಿದು ಒಂದೇ ಮೈಗೆ ಮುಗಿಬಿದ್ದರೆ ಕೈ ಕೊಯ್ದುಕೊಳ್ಳುತ್ತಾರೆ, ಬಲವಿದ್ದವನು ಹೆಚ್ಚು ಒಯ್ಯುತ್ತಾನೆ, ಮುದುಕಿಯರು ಬರಿಗೈಯಲ್ಲಿ ಮರಳುತ್ತಾರೆ. ಅದಕ್ಕೇ ಕತ್ತರಿಸಲು ಹತ್ತು ಹನ್ನೆರಡು ಜನರ ತಂಡ, ಸುತ್ತ ಹಗ್ಗ, ಹಗ್ಗದ ಹೊರಗೆ ಹಳ್ಳಿವಾರು ರಾಶಿ. ಮಾಂಸವನ್ನು ಉದ್ದ ಪಟ್ಟಿಯಾಗಿ ಸೀಳಿ, ಉಪ್ಪು ಸವರಿ, ತಂತಿಗೆ ನೇತುಹಾಕಿ ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ಇನ್ನೊಂದು ತೊಡಕು: ದೇಶದ ಉತ್ತರ ಭಾಗವನ್ನು ಕಾಲುಬಾಯಿ ಜ್ವರದ ಕಾರಣಕ್ಕೆ ‘ರೆಡ್ ಲೈನ್’ ಎಂಬ ಪಶುವೈದ್ಯ ಬೇಲಿ ಬೇರ್ಪಡಿಸಿದೆ. ಜಾಂಬೇಜಿಯ ಹಸಿ ಮಾಂಸ ಆ ಬೇಲಿಯನ್ನು ದಾಟಿ ದಕ್ಷಿಣಕ್ಕೆ ಹೋಗುವಂತಿಲ್ಲ. ಹಾಗಾಗಿ ಅಲ್ಲಿ ಮಾಂಸ ಮಾರಿ ದುಡಿಯುವ ಯೋಚನೆ ನಡೆಯದು, ಅಲ್ಲಲ್ಲೇ ಹಂಚಿ ತಿನ್ನಬೇಕು.

ಹಣದ ಹಂಚಿಕೆ ಇಷ್ಟು ಸೊಗಸಾಗಿಲ್ಲ ಎಂದು ನೇರವಾಗಿ ಹೇಳಬೇಕು. ಬಹಳ ಕನ್ಸರ್ವೆನ್ಸಿಗಳಲ್ಲಿ ಆದಾಯದ ದೊಡ್ಡ ಭಾಗ ಸಂಬಳ, ವಾಹನ, ಸಭೆ ಭತ್ಯೆಗಳಲ್ಲೇ ಕರಗುತ್ತದೆ. ಕಾವಲುಗಾರರ ಸಂಬಳ ಸರಿಯೇ, ಅದು ಊರ ಮನೆಗಳಿಗೇ ಹೋಗುತ್ತದೆ. ಆದರೆ ಸಮಿತಿಯ ವಾಹನ ಎಂಬುದು ಹಣ ನುಂಗುವ ಗುಂಡಿ. ಅದು ಯಾರ ಮದುವೆಗೆ ಓಡಿತು ಎಂದು ಊರಿಗೆಲ್ಲ ಗೊತ್ತಿರುತ್ತದೆ, ಲಾಗ್ ಪುಸ್ತಕದಲ್ಲಿ ಇರುವುದಿಲ್ಲ. ಒಳ್ಳೆಯ ಕಡೆ ನಡೆಯುವುದು ಹೀಗೆ: ಹಣ ಅಧ್ಯಕ್ಷನ ಕೈಗೆ ನಗದಾಗಿ ಎಂದೂ ಬರುವುದಿಲ್ಲ, ಖಾತೆಗೆ ಇಬ್ಬರ ಸಹಿ, ವರ್ಷದ ಮಹಾಸಭೆಯಲ್ಲಿ ಲೆಕ್ಕವನ್ನು ಊರ ಮಾತಿನಲ್ಲಿ ಗಟ್ಟಿಯಾಗಿ ಓದುತ್ತಾರೆ, ‘ಕಳೆದ ವರ್ಷ ಇಷ್ಟು ಪ್ರಾಣಿ, ಇಷ್ಟು ಹಣ, ಇಷ್ಟು ಖರ್ಚು’ ಎಂಬ ಹಾಳೆ ಕಚೇರಿಯ ಹೊರಗೋಡೆಗೆ ಅಂಟಿರುತ್ತದೆ. ಪೂರ್ವದ ನ್ಯೇ ನ್ಯೇ ಕನ್ಸರ್ವೆನ್ಸಿಯಲ್ಲಿ ಜುಹೋವಾನ್ಸಿ ಎಂಬ ಸಾನ್ ಜನರಿದ್ದಾರೆ. ಅಲ್ಲಿ ಸದಸ್ಯರಿಗೆ ತಲೆಗಿಷ್ಟು ಎಂದು ನಗದು ಹಂಚುವ ರೂಢಿ ಬೆಳೆದಿದೆ. ಮೊತ್ತ ಸಣ್ಣದೇ. ಆದರೂ ಕೈಗೆ ಬಂದ ನೋಟು, ಶಾಲೆಗೆ ಬಂದ ಬೆಂಚಿಗಿಂತ ಹೆಚ್ಚು ಮಾತಾಡುತ್ತದೆ ಎಂದೇ ನಾನು ತಿಳಿದಿದ್ದೇನೆ.

ಕೆಲಸದ ಬಗ್ಗೆ ಹೆಚ್ಚು ಆಸೆ ಬೇಡ. ಒಂದು ಬೇಟೆ ಶಿಬಿರಕ್ಕೆ ಜಾಡುಗಾರರು, ಚರ್ಮ ಸುಲಿಯುವವರು, ಅಡುಗೆಯವರು, ಚಾಲಕ ಎಲ್ಲ ಸೇರಿ ಹತ್ತು ಹದಿನೈದು ಜನ, ಅದೂ ಋತು ಇರುವವರೆಗೆ. ಸಂಬಳ ಹೆಚ್ಚು ಕೊಡುವುದು ಪ್ರವಾಸಿ ಲಾಡ್ಜ್‌ಗಳು. ಆದರೆ ಲಾಡ್ಜ್ ಕಟ್ಟಲು ನದಿ, ದೃಶ್ಯ, ರಸ್ತೆ, ಬಂಡವಾಳ ಎಲ್ಲ ಬೇಕು, ಆದಾಯ ಶುರುವಾಗಲು ವರ್ಷಗಳು ಹಿಡಿಯುತ್ತವೆ. ಬೇಟೆಗೆ ನಾಲ್ಕು ಡೇರೆ ಸಾಕು; ನೋಟವೇ ಇಲ್ಲದ ಪೊದೆಗಾಡಿನಲ್ಲೂ ನಡೆಯುತ್ತದೆ, ಎರಡು ಮೂರು ವರ್ಷಕ್ಕೆ ಹಣ ಬರುತ್ತದೆ. ಬೇಟೆಯನ್ನು ನಿಲ್ಲಿಸಿದರೆ ಮೊದಲು ಬಾಗಿಲು ಹಾಕುವುದು ಇಂಥ ನೋಟವಿಲ್ಲದ ಕಡೆಯ ಕನ್ಸರ್ವೆನ್ಸಿಗಳು.

ಇನ್ನು ಜಗಳಗಳು. ಎಲ್ಲಕ್ಕಿಂತ ಆಳವಾದದ್ದು ಇದು: ನಷ್ಟ ಒಬ್ಬನದು, ಲಾಭ ಎಲ್ಲರದು. ಆನೆ ತುಳಿದದ್ದು ಒಂದು ಮನೆಯ ಜೋಳವನ್ನು, ಹಣ ಬಂದದ್ದು ಇಡೀ ಕನ್ಸರ್ವೆನ್ಸಿಗೆ. ಆ ಮನೆಯವರಿಗೆ ಸಮನಾದ ಪಾಲು ಕೊಟ್ಟರೆ ಅದು ಅನ್ಯಾಯವೇ. 2009ರ ಸರ್ಕಾರಿ ನೀತಿಯ ನಂತರ ನಷ್ಟಕ್ಕೆ ಕನ್ಸರ್ವೆನ್ಸಿಯ ಮೂಲಕ ಸಹಾಯಧನ ಕೊಡುವ ಪದ್ಧತಿ ಬಂದಿದೆ, ಆದರೆ ಅದು ಪೂರ್ತಿ ಪರಿಹಾರ ಅಲ್ಲ ಎಂದು ನೀತಿಯೇ ಹೇಳುತ್ತದೆ. ಹಗಲು ಕಾಯದ ದನ ಸತ್ತರೆ, ರಾತ್ರಿ ದೊಡ್ಡಿಗೆ ಕೂಡದ ದನ ಸತ್ತರೆ ಸಿಗದು.

ಎರಡನೆಯದು ದಾನದ ಜಗಳ. ಕಂಪನಿ ಶಾಲೆಗೆ ಒಂದು ಕೋಣೆ ಕಟ್ಟಿಸಿಕೊಡುತ್ತದೆ, ಚಳಿಗಾಲಕ್ಕೆ ಕಂಬಳಿ ಹಂಚುತ್ತದೆ, ಶಿಕಾರಿ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾನೆ. ಮುಂದಿನ ಟೆಂಡರಿನಲ್ಲಿ ‘ನಾವು ಊರಿಗೆ ಇಷ್ಟು ಮಾಡಿದ್ದೇವೆ’ ಎಂದು ದರ ಇಳಿಸುವ ಮಾತು ಬರುತ್ತದೆ. ದಾನ ಬೇಡ ಎನ್ನುವುದಿಲ್ಲ. ಆದರೆ ಅದನ್ನು ಪ್ರಾಣಿಯ ದರದ ಜೊತೆ ಒಂದೇ ಹಾಳೆಯಲ್ಲಿ ಬರೆಯಬಾರದು, ಮತ್ತು ಸಮಿತಿಯ ಸದಸ್ಯರೊಬ್ಬರಿಗೆ ಬಂದ ಉಡುಗೊರೆ, ಅದು ಮೊಬೈಲೇ ಇರಲಿ ಒಂದು ಟ್ಯಾಂಕ್ ಡೀಸೆಲ್ಲೇ ಇರಲಿ, ಮಹಾಸಭೆಯಲ್ಲಿ ಓದಿಸಬೇಕು.

ಮೂರನೆಯದು ‘ತೊಂದರೆ ಕೊಡುವ ಪ್ರಾಣಿ’ಯದು. ಹೊಲಕ್ಕೆ ನುಗ್ಗುವ ಆನೆಯನ್ನು ಹಾಗೆಂದು ಘೋಷಿಸುವ ಅಧಿಕಾರ ಸಚಿವಾಲಯದ್ದು. ಘೋಷಿಸಿದ ಮೇಲೆ ಅದನ್ನು ಶಿಕಾರಿಗೆ ಮಾರಲು ಬರುವುದರಿಂದ, ಹೊಲ ತುಳಿದ ಆನೆಯ ಬದಲು ದಂತ ದೊಡ್ಡದಿರುವ ಆನೆ ಪಟ್ಟಿಗೆ ಸೇರುವ ಅಪಾಯ ಸದಾ ಇದೆ. 2019ರಲ್ಲಿ ವೂರ್ಟ್ರೆಕ್ಕರ್ ಎಂದು ಹೆಸರಾಗಿದ್ದ ಮರಳುಗಾಡಿನ ಮುದಿ ಗಂಡಾನೆಯನ್ನು ಹೀಗೆ ಘೋಷಿಸಿ ಹೊಡೆದಾಗ, ಅದು ನೆರೆಯ ಕನ್ಸರ್ವೆನ್ಸಿಗಳಿಗೆ ಪ್ರವಾಸಿಗರನ್ನು ತರುತ್ತಿದ್ದ ಆನೆ ಎಂದು ಅಲ್ಲಿಂದಲೇ ವಿರೋಧ ಬಂತು. ಆನೆಗೆ ಗಡಿ ಗೊತ್ತಿಲ್ಲ. ಒಂದು ಊರು ಮಾರಿದ್ದು ಇನ್ನೊಂದು ಊರಿನ ಬಂಡವಾಳ. ಆದ್ದರಿಂದ ನೆರೆಯ ಕನ್ಸರ್ವೆನ್ಸಿಗಳು ಒಟ್ಟಿಗೆ ಕೂತು ಕೋಟಾ ಹಂಚಿಕೊಳ್ಳದ ಕಡೆ ಒಂದೇ ಹಿಂಡನ್ನು ಮೂರು ಸಲ ಎಣಿಸುತ್ತಾರೆ, ಮೂರು ಸಲ ಮಾರುತ್ತಾರೆ.

ಬೇರೆ ದೇಶಗಳ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜಿಂಬಾಬ್ವೆಯ ‘ಕ್ಯಾಂಪ್‌ಫೈರ್’ ಯೋಜನೆ ನಾಮಿಬಿಯಾಕ್ಕಿಂತ ಹಳೆಯದು, 1989ರದ್ದು. ಅಲ್ಲಿ ಹಕ್ಕು ಊರಿಗೆ ಸಿಗಲಿಲ್ಲ, ಜಿಲ್ಲಾ ಪರಿಷತ್ತಿಗೆ ಸಿಕ್ಕಿತು. ನಂತರದ ನಿಯಮದಲ್ಲಿ ಪ್ರಾಣಿ ಇರುವ ಊರಿಗೆ ಕನಿಷ್ಠ 55 ಶೇಕಡಾ ಎಂದು ಬರೆದರೂ, ಹಣ ಪರಿಷತ್ತಿನಲ್ಲಿ ತಡೆದು ನಿಲ್ಲುವ ದೂರು ಮುಗಿಯಲಿಲ್ಲ. ಕಡೆಗೆ ಕೆಲವು ಕಡೆ ಕಂಪನಿಯಿಂದ ನೇರ ಊರ ಖಾತೆಗೆ ಕಳಿಸುವ ವ್ಯವಸ್ಥೆ ಮಾಡಬೇಕಾಯಿತು. ತಾಂಜಾನಿಯಾದ ಲೋಲಿಯೊಂಡೊದಲ್ಲಿ 1992ರಲ್ಲಿ ಬೇಟೆ ಹಕ್ಕನ್ನು ಸರ್ಕಾರವೇ ವಿದೇಶಿ ಕಂಪನಿಗೆ ಕೊಟ್ಟಿತು. ಅಲ್ಲಿಯ ಮಸಾಯಿ ದನಗಾಹಿಗಳಿಗೆ ಅದು ಮೇವಿನ ನೆಲ ಕಳೆದುಕೊಂಡ ಕಥೆ. 2009, 2017, 2022ರಲ್ಲಿ ಒಕ್ಕಲೆಬ್ಬಿಸುವಿಕೆ, ಘರ್ಷಣೆ. ‘ಬೇಟೆ ಕಂಪನಿ ಬಂದರೆ ಊರಿಗೆ ಒಳ್ಳೆಯದು’ ಎಂದು ಯಾರಾದರೂ ಹೇಳಿದರೆ ಲೋಲಿಯೊಂಡೊವನ್ನು ನೆನಪಿಸಿ. ಬೋಟ್ಸ್ವಾನಾ 2014ರಲ್ಲಿ ಬೇಟೆ ನಿಷೇಧಿಸಿ, ಊರುಗಳ ಆದಾಯ ಹೋಗಿ, 2019ರಲ್ಲಿ ನಿಷೇಧ ತೆಗೆಯಿತು. ಪಾಕಿಸ್ತಾನದ ಬೆಟ್ಟಗಳಲ್ಲಿ ಮಾರ್ಖೋರ್ ಎಂಬ ಕಾಡು ಮೇಕೆಯ ಬೇಟೆಯ ಶುಲ್ಕದಲ್ಲಿ 80 ಶೇಕಡಾ ಊರಿಗೆ, 20 ಸರ್ಕಾರಕ್ಕೆ. ಪ್ರಾಣಿಗಳು ಕೆಲವೇ ಕೆಲವು, ದರ ಬಹಳ ಹೆಚ್ಚು.

ಇದನ್ನು ಬಂಡೀಪುರಕ್ಕೆ ತರಬಹುದೇ ಎಂದರೆ, ಬೇಟೆಯನ್ನು ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಬಾಗಿಲು ಹಾಕಿದೆ. ಜೀವಕ್ಕೆ ಅಪಾಯವಾದ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಕೊಡುವ ಆದೇಶ ಬೇರೆ ಮಾತು, ಅದು ವ್ಯಾಪಾರವಲ್ಲ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395; ಏಷ್ಯಾದ ಆನೆ ಅಳಿವಿನ ಅಂಚಿನ ಪ್ರಾಣಿ. ಬೇಡವೆನ್ನಲು ಅಷ್ಟು ಸಾಕು, ನನಗೂ ಬೇಡ. ಆದರೆ ನಿಮ್ಮಲ್ಲೂ ಪ್ರಾಣಿಯಿಂದ ಆದಾಯ ಬರುತ್ತಿದೆ, ಅದು ಸಫಾರಿಯ ಟಿಕೆಟ್. ಕಾಯ್ದೆಗೆ 2006ರಲ್ಲಿ ಬಂದ ತಿದ್ದುಪಡಿ ಹುಲಿ ರಕ್ಷಿತಾರಣ್ಯಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನ ಕಟ್ಟಲು ಹೇಳುತ್ತದೆ. ಪ್ರವಾಸಿಗರ ಶುಲ್ಕ ಅಲ್ಲಿಗೆ ಹೋಗಬೇಕು, ಸುತ್ತಲಿನ ಊರುಗಳನ್ನು ಸೇರಿಸಿಕೊಂಡು ಅಭಿವೃದ್ಧಿ ಮಾಡುವುದೂ ಅದರ ಉದ್ದೇಶಗಳಲ್ಲಿ ಒಂದು.

ನಿಮ್ಮ ಸಮಿತಿ ಈ ಹಂಗಾಮಿನಿಂದಲೇ ಈವೆಂಟ್ ಬುಕ್ ಶುರು ಮಾಡಬಹುದು, ಯಾರ ಅಪ್ಪಣೆಯೂ ಬೇಡ. ಹಳದಿ ಹಾಳೆಯಲ್ಲಿ: ದಿನಾಂಕ, ಹೊತ್ತು, ಸರ್ವೆ ನಂಬರ್, ರೈತರ ಹೆಸರು, ಬೆಳೆ ಮತ್ತು ಅದರ ಹಂತ, ನಷ್ಟ ಎಷ್ಟು ಗುಂಟೆ, ಯಾವ ಪ್ರಾಣಿ, ಎಷ್ಟು, ಗಂಡೋ ಹಿಂಡೋ, ಕಂದಕ ಅಥವಾ ಸೋಲಾರ್ ಬೇಲಿಯನ್ನು ಎಲ್ಲಿ ದಾಟಿತು. ‘ಎಲ್ಲಿ ದಾಟಿತು’ ಎಂಬ ಕಲಂ ಬಿಡಬೇಡಿ. ವರ್ಷದ ಕೊನೆಗೆ ನೋಡಿದರೆ ಬಹುಪಾಲು ನಷ್ಟ ಮೂರೋ ನಾಲ್ಕೋ ಕಂಡಿಗಳಿಂದಲೇ ಬಂದಿರುವುದು ಕಾಣಬಹುದು. ಆಗ ಇಡೀ ಬೇಲಿ ಕೇಳುವ ಬದಲು ಆ ಕಂಡಿ ಮುಚ್ಚಿಸಲು ಕೇಳಬಹುದು. ಪ್ರತಿ ಪರಿಹಾರ ಅರ್ಜಿಗೂ ಅರ್ಜಿ ಹಾಕಿದ ದಿನ, ಹಣ ಬಂದ ದಿನ ಎರಡನ್ನೂ ಬರೆಯಿರಿ. ತಿಂಗಳಿಗೊಮ್ಮೆ ನೀಲಿ ಪಟ್ಟಿ, ಹಾಲಿನ ಡೇರಿಯ ಗೋಡೆಗೆ. ಜೊತೆಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕಿ: ಕಳೆದ ಮೂರು ವರ್ಷಗಳಲ್ಲಿ ಸಫಾರಿಯಿಂದ ಬಂದ ಆದಾಯ ಎಷ್ಟು, ಅದರಲ್ಲಿ ನಿಮ್ಮ ಗ್ರಾಮ ಪಂಚಾಯಿತಿಯ ಗಡಿಯೊಳಗೆ ಖರ್ಚಾದದ್ದು ಎಷ್ಟು, ಯಾವ ಕೆಲಸಕ್ಕೆ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಬಂದ ಉತ್ತರವನ್ನೂ ಅದೇ ಗೋಡೆಗೆ, ನೀಲಿ ಪಟ್ಟಿಯ ಪಕ್ಕದಲ್ಲೇ ಅಂಟಿಸಿ.